ಮುಚ್ಚಳ ತೆಗೆಯದ ವ್ಯಾಪಾರ

ಆಟಕ್ಕೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗ ಅಂಗಡಿಯಲ್ಲಿ ಮೊದಲು ಕೇಳುವುದು ‘ಐ5 ಅದನೋ, ಐ7 ಅದನೋ?’ ಎಂದು. ಮಾರುವವನಿಗೂ ಇದೇ ಪ್ರಶ್ನೆ ಬೇಕಾಗಿರುತ್ತದೆ. ‘ಐ7 ಅದ ತಮ್ಮಾ, ಎಲ್ಲಾ ಗೇಮ್ ನಡೀತಾವ’ ಎಂದುಬಿಟ್ಟರೆ ಉಳಿದ ಪ್ರಶ್ನೆಗಳು ಹುಟ್ಟುವುದೇ ಇಲ್ಲ, ಸೌದಾ ಮುಗಿಯುತ್ತದೆ. ಈ ವ್ಯಾಪಾರದ ಮೂಲ ದೋಷ ಇಲ್ಲಿಯೇ ಇದೆ ಎಂಬುದು ನನ್ನ ತಿಳಿವಳಿಕೆ. ಮೇಲಿನ ಸ್ಟಿಕ್ಕರ್ ನೋಡಿ ಸಾವಿರಾರು ರೂಪಾಯಿ ಎಣಿಸುತ್ತೇವೆ. ಕೆಳಗಿನ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡುವ ಕೆಲಸಕ್ಕೆ ಯಾರೂ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಆ ಸ್ಟಿಕ್ಕರ್ ಎಷ್ಟು ಟೊಳ್ಳು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2013ರಲ್ಲಿ ಬಂದ ಇಂಟೆಲ್ ಐ7-4600ಯು ಚಿಪ್ಪಿನಲ್ಲಿ ಇರುವುದು ಎರಡೇ ಕೋರ್. 2017ರ ಐ5-8250ಯುನಲ್ಲಿ ನಾಲ್ಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯದವರ ಕೈ ಮೊದಲನೆಯದಕ್ಕೇ ಹೋಗುತ್ತದೆ, ಏಳು ಐದಕ್ಕಿಂತ ದೊಡ್ಡದಲ್ಲವೇ ಎಂದು. ಕೊನೆಯಲ್ಲಿರುವ ‘ಯು’ ಅಕ್ಷರದ ಕಡೆ ಯಾರ ಗಮನವೂ ಇರುವುದಿಲ್ಲ. ಪತ್ರ, ಲೆಕ್ಕಪತ್ರ, ಸಭೆಗಳಿಗಾಗಿ 15 ವ್ಯಾಟ್‌ನ ಮಿತಿಯಲ್ಲಿ ಓಡುವಂತೆ ಮಾಡಿದ ಚಿಪ್ಪು ಎಂದು ಆ ಅಕ್ಷರ ಹೇಳುತ್ತದೆ. ಅದೇ ಜಾಗದಲ್ಲಿ ‘ಎಚ್’ ಅಥವಾ ‘ಎಚ್‌ಕ್ಯೂ’ ಇದ್ದರೆ ಸಾಮಾನ್ಯವಾಗಿ 45 ವ್ಯಾಟ್‌ನ ಚಿಪ್ಪು. ಅದರ ಬಲವೂ ಹೆಚ್ಚು, ಬಿಸಿಯೂ ಹೆಚ್ಚು. ಆಟಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದ ಗ್ರಾಫಿಕ್ಸ್ ಬಗ್ಗೆಯಂತೂ ಐ5, ಐ7 ಎಂಬ ಹೆಸರುಗಳು ಏನನ್ನೂ ಹೇಳುವುದಿಲ್ಲ.

ಇಷ್ಟಾದರೂ ಈ ಕೊಳ್ಳುವಿಕೆಯನ್ನು ಹುಡುಗಾಟ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಬಸವಕಲ್ಯಾಣದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಹೆಸರಿನ ಕಾಲೇಜು, ಬೀದರಿನಲ್ಲಿ ಗುರುನಾನಕ್ ದೇವ್ ಕಾಲೇಜು ಇವೆ. ಆಟಕ್ಕೆಂದೇ ಮಾಡಿದ ಹೊಸ ಲ್ಯಾಪ್‌ಟಾಪ್ ಅರವತ್ತು ಸಾವಿರದ ಆಸುಪಾಸಿಗೆ ಏರಿರುವಾಗ, ತೊಗರಿ ಬೆಳೆದ ಹಣದಲ್ಲೋ ಅಂಗಡಿಯ ಸಂಬಳದಲ್ಲೋ ಮಗನ ಫೀ ಕಟ್ಟುವ ಮನೆ ₹15,000ದಿಂದ 25,000ದ ಒಳಗೆ ಒಂದು ಯಂತ್ರ ಹುಡುಕುವುದು ಸಹಜ. ಮನೆಯಲ್ಲಿ ‘ಓದಲಿಕ್ಕೆ’ ಎಂದು ಹೇಳಿರುತ್ತಾನೆ, ಮನಸ್ಸಿನಲ್ಲಿ ಆಟವೂ ಇರುತ್ತದೆ. ಈ ಪೀಳಿಗೆ ಆಟ ಕಲಿತದ್ದು ಫೋನಿನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧವಾಯಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಬಂತು, ಮರುವರ್ಷ ಜುಲೈನಲ್ಲಿ ಮತ್ತೆ ಮಾಯವಾಗಿ 2023ರ ಮೇನಲ್ಲಿ ತಿರುಗಿ ಬಂತು. ತನ್ನ ಆಟ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದು ಬೇರೆಯವರ ಕೈಯಲ್ಲಿದ್ದ ಆ ವರ್ಷಗಳನ್ನು ಕಂಡವನಿಗೆ, ತನ್ನದೇ ಡಿಸ್ಕಿನಲ್ಲಿ ತನ್ನದೇ ಆಟ ಇಟ್ಟುಕೊಳ್ಳುವ ಆಸೆ ಹುಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಆಟವಾಡುವುದು ಯಂತ್ರವೊಂದನ್ನು ಕೊಳ್ಳಲು ಸಾಕಷ್ಟು ಒಳ್ಳೆಯ ಕಾರಣ ಎಂದೇ ನಾನು ನಂಬುತ್ತೇನೆ.

ನಮ್ಮ ಕಡೆಗೆ ಈ ಮಾಲು ಬರುವ ದಾರಿ ಹೆಚ್ಚಾಗಿ ಹೈದರಾಬಾದಿನದು. ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದನ್ನು ಹಾದು, ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾ ಮುಟ್ಟಿ ಸೊಲ್ಲಾಪುರದ ಕಡೆ ಹೋಗುತ್ತದೆ. ಇತ್ತ ಜಹೀರಾಬಾದ್, ಸಂಗಾರೆಡ್ಡಿ ದಾಟಿದರೆ ಹೈದರಾಬಾದ್. ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಕೊಳ್ಳುವವರೆಲ್ಲ ಬಲ್ಲ ಜಾಗ. ‘ಸಿಟಿಸಿ’ ಎಂದರೆ ಸಾಕು. ಆ ನಗರದ ಸಾಫ್ಟ್‌ವೇರ್ ಕಂಪನಿಗಳು ಮೂರು-ನಾಲ್ಕು ವರ್ಷ ಬಳಸಿ, ಗುತ್ತಿಗೆ ಮುಗಿದ ಮೇಲೆ ಒಟ್ಟಾಗಿ ಬಿಟ್ಟುಕೊಟ್ಟ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲಿಟ್‌ಬುಕ್‌ಗಳು ಇಂಥ ಮಾರುಕಟ್ಟೆಗಳಲ್ಲಿ ಸಾಲುಗಟ್ಟಿ ಕೂತಿರುತ್ತವೆ. ಅಲ್ಲಿಂದ ಕೊಂಡು ತಂದವನು ಒಂದಿಷ್ಟು ಲಾಭ ಇಟ್ಟುಕೊಂಡು ಇಲ್ಲಿ ಮಾರುತ್ತಾನೆ. ದೂರ ಹೋಗುವ ಖರ್ಚು ಉಳಿಯಿತೆಂದು ಕೊಳ್ಳುವವನಿಗೂ ಸಮಾಧಾನ. ಆದರೆ ಕೆಟ್ಟರೆ ವಾಪಸ್ ಒಯ್ಯುವ ದಾರಿ ಮಾತ್ರ ಹಾಗೇ ಉದ್ದವಾಗಿ ಉಳಿದಿರುತ್ತದೆ; ಬೆಲೆಯ ಮಾತಾಡುವಾಗ ಅದು ಯಾರ ನೆನಪಿಗೂ ಬರುವುದಿಲ್ಲ.

ಆಫೀಸಿನ ಲ್ಯಾಪ್‌ಟಾಪ್‌ಗಳ ಪರವಾಗಿ ನಾನು ಗಟ್ಟಿಯಾಗಿ ಮಾತಾಡಬಲ್ಲೆ. ಅವು ಬಿಚ್ಚಲೆಂದೇ ಮಾಡಿದ ಯಂತ್ರಗಳು. ಯಾವ ಸ್ಕ್ರೂ ಮೊದಲು, ಯಾವ ಕೇಬಲ್ ಆಮೇಲೆ ಎಂದು ಚಿತ್ರಸಹಿತ ತೋರಿಸುವ ಸರ್ವಿಸ್ ಮ್ಯಾನುವಲ್‌ಗಳನ್ನು ಈ ಮೂರೂ ಕಂಪನಿಗಳು ಎಲ್ಲರಿಗೂ ಸಿಗುವಂತೆ ಬಿಡುಗಡೆ ಮಾಡಿವೆ. ಕನ್ನಡದಲ್ಲಿ ಇಲ್ಲ ಎಂಬುದು ಕೊರತೆ. ಆದರೂ ಚಿತ್ರ ನೋಡಿಯೇ ಅರ್ಧ ಕೆಲಸ ಮಾಡಬಹುದು. 2018ರ ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳಿ. ರ‍್ಯಾಮ್ ಹಾಕಲು ಎರಡು ಸ್ಲಾಟ್, ಬದಲಾಯಿಸಬಹುದಾದ ಡಿಸ್ಕ್, ಸ್ಕ್ರೂ ಸಡಿಲಿಸಿದರೆ ಕಳಚಿ ಬರುವ ತಳ, ಹೊರಗಿನಿಂದಲೇ ಬಿಚ್ಚಿ ತೆಗೆಯುವ ಎರಡನೇ ಬ್ಯಾಟರಿ. ಅದೇ ಕಾಲದ ಅಗ್ಗದ ಪ್ಲಾಸ್ಟಿಕ್ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಹಿತ್ತಾಳೆ ನಟ್ಟುಗಳು ಪ್ಲಾಸ್ಟಿಕ್ಕಿನಿಂದ ಕಿತ್ತು ಬಂದು, ಎಂ-ಸೀಲ್, ಅರಾಲ್ಡೈಟ್ ಹಾಕಿ ಕೂರಿಸಿದ ಯಂತ್ರಗಳು ರಿಪೇರಿ ಅಂಗಡಿಗಳ ಕಪಾಟಿನ ತುಂಬ ಇರುತ್ತವೆ. ಗಟ್ಟಿತನ ಬೇಕಿದ್ದವರು ಇಷ್ಟು ನೋಡಿದರೂ ಯಾವುದರ ಕಡೆ ಹೋಗಬೇಕೆಂದು ತಿಳಿಯುತ್ತದೆ.

ಆಫೀಸಿನ ಲ್ಯಾಪ್‌ಟಾಪ್‌ಗಳ ಕೊರತೆ ಗ್ರಾಫಿಕ್ಸ್‌ನಲ್ಲಿದೆ. ಬಹುಪಾಲು ಆಫೀಸ್ ಲ್ಯಾಪ್‌ಟಾಪ್‌ಗಳಿಗೆ ಬೇರೆ ಗ್ರಾಫಿಕ್ಸ್ ಚಿಪ್ಪೇ ಇರುವುದಿಲ್ಲ, ಪ್ರೊಸೆಸರ್ ಒಳಗೇ ಇರುವ ಯುಎಚ್‌ಡಿ 620ರಂಥದ್ದು ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲದ್ದರಿಂದ ಯಂತ್ರದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅಂಗಡಿಯವರು ಇಲ್ಲಿ ಮಾಡುವ ಒಂದು ಕೆಲಸ ಆಟದ ಜೀವವನ್ನೇ ತೆಗೆಯುತ್ತದೆ: ಎರಡು ಸ್ಲಾಟಿನ ಯಂತ್ರಕ್ಕೆ 8 ಜಿಬಿಯ ಒಂದೇ ಕಡ್ಡಿ ಹಾಕಿ ಕೊಡುತ್ತಾರೆ. 2400ರ ವೇಗದ ಡಿಡಿಆರ್4 ಒಂದೇ ಕಡ್ಡಿ ಇದ್ದರೆ ಚಿಪ್ಪಿಗೆ ಸೆಕೆಂಡಿಗೆ 19.2 ಜಿಬಿ ದತ್ತಾಂಶ ಹರಿಯಬಹುದು. ಅಂಥದೇ ಇನ್ನೊಂದು ಕಡ್ಡಿ ಪಕ್ಕದಲ್ಲಿ ಕೂತರೆ ಆ ಹರಿವು 38.4 ಜಿಬಿ ಆಗುತ್ತದೆ. ಪ್ರತ್ಯೇಕ ಚಿಪ್ಪಾದ ಜಿಟಿಎಕ್ಸ್ 1050ಕ್ಕೆ ತನ್ನದೇ ಮೆಮೊರಿಯಿಂದ 112 ಜಿಬಿ ಸಿಗುತ್ತದೆ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿದರೆ, ಒಳಗಿನ ಗ್ರಾಫಿಕ್ಸ್ ಎಷ್ಟು ಹಸಿದಿರುತ್ತದೆ ಎಂದು ಗೊತ್ತಾಗುತ್ತದೆ. ಎರಡನೇ ಕಡ್ಡಿ ಹಾಕುವುದಕ್ಕೆ ಐದು ನಿಮಿಷ ಬೇಕು. ಇಷ್ಟು ಸುಲಭವಾಗಿ ಇಷ್ಟು ಫಲ ಕೊಡುವ ರಿಪೇರಿ ಈ ಯಂತ್ರಗಳಲ್ಲಿ ಮತ್ತೊಂದಿಲ್ಲ. ಆದರೂ ‘8 ಜಿಬಿ ಅದ’ ಎಂಬ ಮಾತಿಗೇ ಎಲ್ಲರೂ ತೃಪ್ತರು. ಕಡ್ಡಿ ಒಂದೋ ಎರಡೋ ಎಂದು ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಇನ್ನು ಆಟಕ್ಕೆಂದೇ ಮಾಡಿ, ಒಬ್ಬರು ಆಡಿ ಬಿಟ್ಟ ಲ್ಯಾಪ್‌ಟಾಪ್‌ಗಳು. 2017ರ ಲೆನೊವೊ ಲೀಜನ್ ವೈ520, ಡೆಲ್ ಇನ್ಸ್‌ಪಿರಾನ್ 7567 ಈಗ ಕೈಗೆಟಕುವ ಬೆಲೆಗೆ ಇಳಿದಿವೆ. ಐ5-7300ಎಚ್‌ಕ್ಯೂ ಅಥವಾ ಐ7-7700ಎಚ್‌ಕ್ಯೂ, ಜೊತೆಗೆ ಜಿಟಿಎಕ್ಸ್ 1050. ಹೆಸರು ಕೇಳಿದ ಕೂಡಲೇ ಹುಡುಗರ ಕಣ್ಣು ಅರಳುತ್ತದೆ. ಆದರೆ ಈ ಪ್ರೊಸೆಸರ್‌ಗಳು ಏಳನೇ ಪೀಳಿಗೆಯವು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚೆಗಿನವನ್ನು, ಕೈಬೆರಳೆಣಿಕೆಯ ಅಪವಾದ ಬಿಟ್ಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜಿಟಿಎಕ್ಸ್ 1050 ಇರುವ ಪ್ಯಾಸ್ಕಲ್ ವಂಶದ ಚಿಪ್ಪುಗಳಿಗೆ ಹೊಸ ಆಟಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್ವಿಡಿಯಾ ಕೂಡ ಅದೇ ತಿಂಗಳಿಗೆ ನಿಲ್ಲಿಸುವುದಾಗಿ ಹೇಳಿ, 2028ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳನ್ನಷ್ಟೇ ಕೊಡುವುದಾಗಿ ಪ್ರಕಟಿಸಿತು. ಮಾರುವವನು ಈ ಎರಡು ಗಡುವುಗಳ ಮಾತೆತ್ತುವುದಿಲ್ಲ, ಬೆಲೆಯಲ್ಲೂ ಅವು ಕಾಣುವುದಿಲ್ಲ. ಎಂಟನೇ ಪೀಳಿಗೆಯ ಚಿಪ್ಪಿರುವ, ಒಂದೇ ವರ್ಷ ಹೊಸದಾದ ಲೀಜನ್ ವೈ530ಕ್ಕೆ ಎರಡು-ಮೂರು ಸಾವಿರ ಹೆಚ್ಚು ಕೇಳಿದರೆ ಹುಡುಗರು ಹಿಂದೆ ಸರಿಯುತ್ತಾರೆ. ನನ್ನನ್ನು ಕೇಳಿದರೆ ಆ ಒಂದು ವರ್ಷದ ಅಂತರಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿದೆ.

ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಿಸಿಲಿನದು. ಕಲ್ಯಾಣ ಕರ್ನಾಟಕದ ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಸಿಕಂದರಾಬಾದಿನ ಎಸಿ ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿ, ಐದು ನಿಮಿಷ ಆಟ ಓಡಿಸಿ ತೋರಿಸಿದರೆ ಅದು ಪರೀಕ್ಷೆಯೇ ಅಲ್ಲ. ಕೋಣೆ 25 ಡಿಗ್ರಿ ಇದ್ದಾಗ ಆಟದ ಭಾರಕ್ಕೆ 85ಕ್ಕೆ ನಿಲ್ಲುವ ಚಿಪ್ಪು, ಅದೇ ಆಟಕ್ಕೆ 40 ಡಿಗ್ರಿಯ ಕೋಣೆಯಲ್ಲಿ 100ರ ಹತ್ತಿರ ಹೋಗುತ್ತದೆ. ಐ5-8250ಯುವಿನ ಮಿತಿಯೇ 100. ಆ ಮಿತಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ಚಿಪ್ಪು ತಾನೇ ವೇಗ ತಗ್ಗಿಸುತ್ತದೆ. 3.4 ಗಿಗಾಹರ್ಟ್ಸ್‌ವರೆಗೆ ಓಡಬಲ್ಲ ಚಿಪ್ಪು ತನ್ನ ಮೂಲ ವೇಗವಾದ 1.6ರ ಕಡೆಗೆ ಜಾರುತ್ತದೆ. ಆಗ ಆಟ ತಡವರಿಸತೊಡಗುತ್ತದೆ. ಹುಡುಗ ‘ಸಾಮಾನು ಸ್ಲೋ ಆಗ್ಯದ’ ಎಂದು ಅಂಗಡಿಗೆ ಒಯ್ಯುತ್ತಾನೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಕಳಿಸುತ್ತಾರೆ. ಎರಡು ದಿನದಲ್ಲಿ ಮತ್ತೆ ಅದೇ ಗೋಳು.

ಹಾಗಾಗಿ ಕೊಳ್ಳುವ ಮೊದಲು 20 ನಿಮಿಷ ಬೇಡಬೇಕು. ಎಚ್‌ಡಬ್ಲ್ಯೂಇನ್ಫೋದಂಥ ಉಚಿತ ತಂತ್ರಾಂಶ ಹಾಕಿ, ಭಾರದ ಆಟವೊಂದನ್ನು ಬಿಡದೆ ಓಡಿಸಿ, ಬಿಸಿ ಎಲ್ಲಿಗೆ ಹೋಗಿ ನಿಲ್ಲುತ್ತದೆ, ವೇಗ ಎಲ್ಲಿಗೆ ಇಳಿಯುತ್ತದೆ ಎಂದು ನೋಡಬೇಕು. ಎಸಿ ಕೋಣೆಯಲ್ಲೇ 90 ದಾಟಿದರೆ ನಮ್ಮ ಬೇಸಿಗೆಯಲ್ಲಿ ಅದರ ಗತಿ ಏನೆಂದು ಲೆಕ್ಕ ಹಾಕಬೇಕು. ಬಿಸಿಯಿದೆ ಎಂದ ಮಾತ್ರಕ್ಕೆ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಸ್ವಚ್ಛ ಮಾಡಿದರೆ ಇಳಿಯುವ ಬಿಸಿಯಾದರೆ ಚೌಕಾಶಿಗೆ ಅದಕ್ಕಿಂತ ಒಳ್ಳೆಯ ಆಧಾರ ಬೇಡ.

ಬಿಸಿಗೆ ಮುಖ್ಯ ಕಾರಣ ಧೂಳು. ತೊಗರಿ ರಾಶಿಯ ದಿನಗಳ ಹೊಟ್ಟು, ಕೆಂಪು ಮಣ್ಣಿನ ಪುಡಿ, ಹಾಸಿಗೆಯ ನೂಲು ಎಲ್ಲವನ್ನೂ ಫ್ಯಾನ್ ಒಳಗೆಳೆಯುತ್ತದೆ. ಅದು ಹೆಚ್ಚಾಗಿ ಹೋಗಿ ಕೂಡುವುದು ಫ್ಯಾನಿನ ರೆಕ್ಕೆಗಳ ಮೇಲಲ್ಲ, ಫ್ಯಾನಿಗೂ ತಾಮ್ರದ ಜಾಲರಿಗೂ ನಡುವಿನ ಸಂದಿಯಲ್ಲಿ. ಅಲ್ಲಿ ಕಂಬಳಿಯ ತುಣುಕಿನಂಥ ಪದರವೊಂದು ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ಬ್ಲೋವರ್ ಹಿಡಿದು ಹೊರಗಿನಿಂದ ಗಾಳಿ ಊದಿದರೆ ಪದರ ಅಲ್ಲೇ ಇರುತ್ತದೆ, ಫ್ಯಾನ್ ಮಾತ್ರ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ತಳ ಬಿಚ್ಚಿ, ಫ್ಯಾನ್ ಕಳಚಿ, ಆ ಪದರವನ್ನು ಕೈಯಿಂದ ತೆಗೆಯಬೇಕು. ಹೀಟ್‌ಸಿಂಕ್ ಎತ್ತಿ, ಒಣಗಿದ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಚ್ಚಬೇಕು. ಗ್ರಾಫಿಕ್ಸ್ ಮೆಮೊರಿಯ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದರೆ ಅದರ ಬದಲು ಪೇಸ್ಟ್ ಬಳಿದು ಮುಚ್ಚುವವರಿದ್ದಾರೆ. ಪೇಸ್ಟ್ ಅಷ್ಟು ದಪ್ಪದ ಸಂದಿ ತುಂಬಲಾರದು, ಮೆಮೊರಿ ಒಳಗೊಳಗೇ ಬೇಯುತ್ತದೆ. ಬೇಕಾದ್ದಕ್ಕಿಂತ ದಪ್ಪದ ಪ್ಯಾಡ್ ಹಾಕಿದರೆ ಹೀಟ್‌ಸಿಂಕೇ ಚಿಪ್ಪಿನಿಂದ ಕೂದಲೆಳೆಯಷ್ಟು ಮೇಲೆದ್ದು ಇನ್ನೂ ಕೆಟ್ಟದಾಗುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುವ ಕೆಲಸವಿದು. ಸರಿಯಾಗಿ ಮಾಡಲು ಒಂದು ಗಂಟೆಯಾದರೂ ಬೇಕು.

ಆ ಒಂದು ಗಂಟೆಗೆ ನಾವು ಎಷ್ಟು ಕೊಡುತ್ತೇವೆ? ಎಸ್‌ಎಸ್‌ಡಿಗೆ ಎರಡು-ಮೂರು ಸಾವಿರ ಕೇಳಿದರೆ ಕೊಡುತ್ತೇವೆ, ಡಬ್ಬಿ ಕಣ್ಣಿಗೆ ಕಾಣುತ್ತದೆ. ಬಿಚ್ಚಿ ಸ್ವಚ್ಛ ಮಾಡಿದ್ದಕ್ಕೆ ಐನೂರು ಎಂದರೆ ‘ಏನ್ ಹಾಕೀರಿ ಅಂತ ಐನೂರು?’ ಎಂಬ ಮಾತು ಬರುತ್ತದೆ. ಹಾಕಿದ ವಸ್ತುವಿಗೆ ಬೆಲೆ, ಮಾಡಿದ ಕೆಲಸಕ್ಕೆ ಇಲ್ಲ. ರಿಪೇರಿಯ ಅಪ್ರಾಮಾಣಿಕತೆಯ ಬೇರು ಇಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕೆಲಸಕ್ಕೆ ಕೂಲಿ ಸಿಗದವನು ಸಾಮಾನಿನಲ್ಲಿ ಅದನ್ನು ಗಿಟ್ಟಿಸಬೇಕಾಗುತ್ತದೆ: ಬೇಡದ ಡಿಸ್ಕ್ ಬದಲಾಯಿಸುತ್ತಾನೆ, ಹೆಸರಿಲ್ಲದ ಬ್ಯಾಟರಿಗೆ ಒರಿಜಿನಲ್ ಬೆಲೆ ಹಚ್ಚುತ್ತಾನೆ, ಹತ್ತು ನಿಮಿಷದ ಫಾರ್ಮ್ಯಾಟ್‌ಗೆ ಒಂದು ಗಂಟೆಯ ಕೆಲಸವನ್ನು ಬಿಟ್ಟುಕೊಡುತ್ತಾನೆ. ಮಾಡುವ ಕೆಲಸವನ್ನೇ ಹೆಸರಿನ ಭಾಗವಾಗಿ ಹೊತ್ತು ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ ಎಂದು ಕರೆಸಿಕೊಂಡ ಶರಣರು ಕೂಡಿ ಕುಳಿತ ಊರು ಕಲ್ಯಾಣ. ಕಾಯಕದ ಮಾತನ್ನು ಸಭೆಗಳಲ್ಲಿ ಆಡುವ ನಾವು, ಬಸ್‌ಸ್ಟ್ಯಾಂಡಿನ ಹತ್ತಿರದ ಸಣ್ಣ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಹಚ್ಚಿ ಕೂತವನ ಒಂದು ಗಂಟೆಗೆ ಬೆಲೆಯಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಇದಕ್ಕೆ ನಾನು ಸೂಚಿಸುವ ದಾರಿ ಸರಳ. ಕೊಳ್ಳುವ ಮೊದಲೇ ಊರಿನ ರಿಪೇರಿಯವನಿಗೆ ಪರೀಕ್ಷೆಯ ಕೂಲಿ ಕೊಟ್ಟು, ಮುಚ್ಚಳ ತೆಗೆಸಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಸೀರಿಯಲ್ ನಂಬರ್, ಡಿಸ್ಕ್ ಎಷ್ಟು ಗಂಟೆ ಓಡಿದೆ, ಬ್ಯಾಟರಿ ಹೊಸತರಲ್ಲಿ ಎಷ್ಟಿತ್ತು ಈಗ ಎಷ್ಟು ಹಿಡಿಯುತ್ತದೆ, ರ‍್ಯಾಮ್ ಕಡ್ಡಿ ಎಷ್ಟು, 20 ನಿಮಿಷದ ಆಟಕ್ಕೆ ಬಿಸಿ ಎಷ್ಟು, ಬೋರ್ಡಿನ ಮೇಲೆ ನೀರು ಬಿದ್ದ ಕಲೆ ಇದೆಯೇ, ಮೊದಲು ಬೆಸುಗೆ ಹಾಕಿದ ಗುರುತು ಇದೆಯೇ. ಡಿಸ್ಕಿನ ಲೆಕ್ಕ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕಾಣುತ್ತದೆ, ಬ್ಯಾಟರಿಯ ವರದಿ ತೆಗೆಯುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ. ಮಾರುವವನು ಬಿಚ್ಚಲು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರುವುದು ಲೇಸು.

ಬೆಸುಗೆಯ ಗುರುತು ಎಂದೆ. ಅದರ ಬಗ್ಗೆ ಇನ್ನಷ್ಟು ಹೇಳಬೇಕು. ಪರದೆ ಕಪ್ಪಾದ, ಗೆರೆ ಬರುವ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಚಿಪ್ಪಿಗೆ ಬಿಸಿಗಾಳಿ ಕೊಟ್ಟು ಬದುಕಿಸುವ ಪದ್ಧತಿ ಎಲ್ಲ ಊರುಗಳಲ್ಲೂ ಇದೆ. ‘ಚಿಪ್ ಹೀಟ್’ ಎನ್ನುತ್ತಾರೆ. ಯಂತ್ರ ಚಾಲೂ ಆಗುತ್ತದೆ, ಗಿರಾಕಿ ಸಂತೋಷದಿಂದ ಹೋಗುತ್ತಾನೆ. ಇದು ಯಾಕೆ ಬಾಳುವುದಿಲ್ಲ ಎಂಬುದಕ್ಕೆ ಹಳೆಯ, ಪ್ರಸಿದ್ಧ ಉದಾಹರಣೆಯಿದೆ. 2008ರ ಜುಲೈನಲ್ಲಿ ಎನ್ವಿಡಿಯಾ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್‌ಗೆ ಬಳಸಿದ ಸಾಮಗ್ರಿ ದುರ್ಬಲವಾಗಿದೆ ಎಂದು ಒಪ್ಪಿ, ದುರಸ್ತಿ ಮತ್ತು ಬದಲಾವಣೆಯ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಎಚ್‌ಪಿ, ಡೆಲ್ ಕಂಪನಿಗಳು ಕೆಲವು ಮಾದರಿಗಳಿಗೆ ವಾರಂಟಿ ವಿಸ್ತರಿಸಿದವು. ಆ ಚಿಪ್ಪುಗಳಲ್ಲಿ ಬಿರುಕು ಬಿಡುತ್ತಿದ್ದದ್ದು ಬೋರ್ಡಿಗೂ ಚಿಪ್ಪಿಗೂ ನಡುವಿನ ದೊಡ್ಡ ಬೆಸುಗೆ ಗುಂಡುಗಳಲ್ಲ, ಚಿಪ್ಪಿನ ಒಳಗೇ ಇರುವ ಸೂಕ್ಷ್ಮ ಬೆಸುಗೆಗಳು. ಬಿಸಿ ತಾಗಿದಾಗ ಅವು ತಾತ್ಕಾಲಿಕವಾಗಿ ಕೂಡುತ್ತವೆ. ಕೆಲವು ವಾರ ಆಟದ ಬಿಸಿ, ಆರಿದ ತಂಪು, ಮತ್ತೆ ಬಿಸಿ ಎಂಬ ಏರಿಳಿತ ಕಂಡ ಮೇಲೆ ತಿರುಗಿ ಬಿಟ್ಟುಕೊಳ್ಳುತ್ತವೆ. ಚಿಪ್ಪು ಎತ್ತಿ ಹೊರಗಿನ ಗುಂಡುಗಳನ್ನು ಹೊಸದಾಗಿ ಕಟ್ಟುವ ರೀಬಾಲಿಂಗ್ ಕೂಡ ಅಂಥ ದೋಷಕ್ಕೆ ಮದ್ದಲ್ಲ, ಹೊಸ ಚಿಪ್ಪೇ ಬೇಕು. ಕೆಟ್ಟ ಯಂತ್ರದಿಂದ ಫೈಲು ತೆಗೆದುಕೊಳ್ಳುವಷ್ಟು ಹೊತ್ತು ಅದನ್ನು ಎಬ್ಬಿಸಲು ಹೀಟ್ ಮಾಡಿದರೆ ಸರಿ. ಹೀಟ್ ಮಾಡಿದ ಯಂತ್ರವನ್ನು ‘ಗೇಮಿಂಗ್ ಲ್ಯಾಪ್‌ಟಾಪ್’ ಎಂದು ಇನ್ನೊಬ್ಬನಿಗೆ ಮಾರುವುದು ವಂಚನೆ, ಅದಕ್ಕೆ ಬೇರೆ ಹೆಸರಿಲ್ಲ.

ಚಾರ್ಜರ್ ವಿಷಯದಲ್ಲಿ ಆಗುವ ಹಾನಿ ಸಣ್ಣದು, ಆದರೆ ತಿಳಿಯದವರನ್ನು ಬಹಳ ಅಲೆದಾಡಿಸುತ್ತದೆ. ಡೆಲ್‌ನ ದುಂಡು ಪಿನ್ನಿನ ಚಾರ್ಜರಿನ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ತಾನು ಎಷ್ಟು ವ್ಯಾಟ್‌ನದು ಎಂದು ಚಾರ್ಜರ್ ಯಂತ್ರಕ್ಕೆ ಹೇಳುವುದು ಅದರ ಮೂಲಕ. ಅದು ಮುರಿದರೆ, ಅಥವಾ ಆ ಗುರುತಿಲ್ಲದ ನಕಲಿ ಚಾರ್ಜರ್ ಹಾಕಿದರೆ, ಯಂತ್ರ ಚಾಲೂ ಆಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ, ಪ್ರೊಸೆಸರ್ ಕೂಡ ವೇಗ ಇಳಿಸಿಕೊಂಡು ಕೂರುತ್ತದೆ. ಆಟ ತೆವಳುತ್ತದೆ. ಇದನ್ನೇ ಬೋರ್ಡ್ ಹೋಗಿದೆ ಎಂದು ಹೇಳಿ ಅರ್ಧ ಬೆಲೆಗೆ ಕೊಂಡು, ಬೇರೆ ಚಾರ್ಜರ್ ಹಾಕಿ ಮಾರುವ ಚಾಲಾಕಿಗಳೂ ಇದ್ದಾರೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದ ಯಂತ್ರವನ್ನು ಮಾತ್ರ ಯಾವ ಬೆಲೆಗೂ ಹಾಗೇ ಬಳಸಬಾರದು, ಬೆಂಕಿಯ ಅಪಾಯವಿದೆ. ಇನ್ನೊಂದು ಮಾತು, ಹಳೆಯ ಮನೆಗಳಲ್ಲಿ ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅನೇಕರು ದೂರುತ್ತಾರೆ. ಬಹುಮಟ್ಟಿಗೆ ಅದು ಮನೆಯ ಅರ್ಥಿಂಗ್ ಇಲ್ಲದ ಸಾಕೆಟ್ಟಿನ ದೋಷ. ಎಲೆಕ್ಟ್ರಿಷಿಯನ್ ಕರೆಸಬೇಕಾದ ಜಾಗದಲ್ಲಿ ಮದರ್‌ಬೋರ್ಡ್ ಬಿಚ್ಚಿಸುವುದು ಬೇಡ.

ಕಂಪನಿಯ ಲ್ಯಾಪ್‌ಟಾಪ್ ಕೊಳ್ಳುವಾಗ ಬಯಾಸ್ ಪಾಸ್‌ವರ್ಡ್ ಇದೆಯೇ, ಹಳೆಯ ಕಂಪನಿಯ ನಿಯಂತ್ರಣದಿಂದ ಬಿಡಿಸಿದ್ದಾರೆಯೇ ಎಂದು ನೋಡಲೇಬೇಕು. ಹೊಸದಾಗಿ ವಿಂಡೋಸ್ ಹಾಕಿ ಇಂಟರ್‌ನೆಟ್ ಕೊಟ್ಟಾಗ ಯಾವುದೋ ಕಂಪನಿಯ ಲಾಗಿನ್ ಪುಟ ಬಂದರೆ ಆ ಯಂತ್ರ ಇನ್ನೂ ಅವರ ದಾಖಲೆಯಲ್ಲಿದೆ ಎಂದರ್ಥ. ಬಯಾಸ್‌ನಲ್ಲಿ ಕಾಣುವ ಸೀರಿಯಲ್ ನಂಬರೂ ತಳದ ಸ್ಟಿಕ್ಕರೂ ಒಂದೇ ಇರಬೇಕು, ಬಿಲ್ಲಿನಲ್ಲೂ ಅದೇ ಇರಬೇಕು. ಬಿಲ್ ಇಲ್ಲದ ಅಗ್ಗದ ಯಂತ್ರ ಯಾರ ಮನೆಯಿಂದ ಕಳುವಾದದ್ದೋ ಹೇಳಲಾಗದು.

ಕೊಂಡದ್ದಾಯಿತು, ಆಡುವುದೇನನ್ನು? ಎರಡು ಕಡ್ಡಿ ರ‍್ಯಾಮಿನ ಎಂಟನೇ ಪೀಳಿಗೆಯ ಆಫೀಸ್ ಲ್ಯಾಪ್‌ಟಾಪಿನಲ್ಲಿ ಆಡಬಹುದಾದ ಲೋಕ ದೊಡ್ಡದಿದೆ. ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್, ಐಜಿಐ, 2005ರ ಮೋಸ್ಟ್ ವಾಂಟೆಡ್, ಹಾಫ್-ಲೈಫ್ 2, ಏಜ್ ಆಫ್ ಎಂಪೈರ್ಸ್, ಇಂದಿಗೂ ಬೇಸರ ಬಾರದ ಕ್ರಿಕೆಟ್ 07 ಸುಲಭವಾಗಿ ಓಡುತ್ತವೆ. ಹಾಲೋ ನೈಟ್, ಸ್ಟಾರ್‌ಡ್ಯೂ ವ್ಯಾಲಿಯಂಥ ಸಣ್ಣ ತಂಡಗಳ ಉತ್ತಮ ಆಟಗಳೂ ನಡೆಯುತ್ತವೆ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಕೂಡ ಪರದೆಯನ್ನು 720ಕ್ಕೆ ಇಳಿಸಿ, ಎಲ್ಲ ಅಲಂಕಾರ ತೆಗೆದರೆ ಸಾಗುತ್ತದೆ. ಫ್ರೇಮುಗಳಿಗೆ 30 ಅಥವಾ 40ರ ಮಿತಿ ಹಾಕಿದರೆ ಬಿಸಿಯೂ ಇಳಿಯುತ್ತದೆ. ಈ ಒಂದು ಸೆಟ್ಟಿಂಗ್ ಬೇಸಿಗೆಯಲ್ಲಿ ಕೂಲಿಂಗ್ ಪ್ಯಾಡಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಆನ್‌ಲೈನ್ ಸ್ಪರ್ಧೆಯ ಆಟ ನಂಬಿ ಹಳೆಯ ಯಂತ್ರ ಕೊಳ್ಳುವುದು ಮಾತ್ರ ಅಪಾಯ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್‌ನ ಸಿಎಸ್: ಜಿಒ ಜಾಗಕ್ಕೆ ಸಿಎಸ್ 2 ಬಂತು. ನಿನ್ನೆಯವರೆಗೆ ಹಾಯಾಗಿ ಆಡುತ್ತಿದ್ದ ಯಂತ್ರ ಇವತ್ತು ಸಾಲದಾಯಿತು. ಯಂತ್ರ ಕೆಟ್ಟಿರಲಿಲ್ಲ, ಆಟದ ಭಾರ ಏರಿತ್ತು. ವ್ಯಾಲರಂಟ್ ಹಗುರವೇ ಹೌದು. ಆದರೆ ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳನ್ನೂ ಬೇಡುತ್ತದೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಸಿಕೊಂಡ ಹಳೆಯ ಯಂತ್ರಗಳು ಇಲ್ಲಿ ಸಿಕ್ಕಿಬೀಳುತ್ತವೆ. ಹೀಗೆ ವಿಂಡೋಸ್ ಕೈಬಿಟ್ಟ ಯಂತ್ರಗಳಿಗೆ ಲಿನಕ್ಸ್ ಒಂದು ನಿಜವಾದ ಆಸರೆ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ, ಒಬ್ಬರೇ ಆಡುವ ವಿಂಡೋಸ್ ಆಟಗಳಲ್ಲಿ ಬಹಳಷ್ಟು ಲಿನಕ್ಸ್‌ನಲ್ಲೂ ನಡೆಯುತ್ತವೆ. ವ್ಯಾಲರಂಟ್ ನಡೆಯುವುದಿಲ್ಲ. ಅಂಗಡಿಗಳಲ್ಲಿ ಪೆನ್‌ಡ್ರೈವ್‌ನಿಂದ ತುಂಬಿಕೊಡುವ ಕದ್ದ ಆಟಗಳನ್ನು, ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕದ್ದ ತಂತ್ರಾಂಶಗಳನ್ನು ನಾನು ಒಪ್ಪಲಾರೆ. ಹಾಕುವಾಗ ಆ್ಯಂಟಿವೈರಸ್ ಬಂದ್ ಮಾಡಲು ಹೇಳುವ ಯಾವುದನ್ನೂ, ಅಪ್ಪನ ಬ್ಯಾಂಕ್ ಖಾತೆ ತೆರೆಯುವ ಯಂತ್ರದೊಳಗೆ ಬಿಟ್ಟುಕೊಳ್ಳಬಾರದು. ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗ ಹಳೆಯ ಒಳ್ಳೆಯ ಆಟಗಳು ಚಹಾ-ಭಜಿಯ ಬೆಲೆಗೆ ಸಿಗುತ್ತವೆ.

ಲ್ಯಾಪ್‌ಟಾಪೇ ಬೇಕೇ ಎಂಬ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕಲಬುರಗಿಯ ಹಾಸ್ಟೆಲಿಗೋ ಬೆಂಗಳೂರಿನ ಪಿಜಿಗೋ ಹೋಗುವವನಿಗೆ, ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಮನೆಯಲ್ಲಿ ಇರುವವನಿಗೆ ಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆ ಉಳಿದಿದ್ದರೂ ಯುಪಿಎಸ್ ಖರ್ಚು ತಪ್ಪುತ್ತದೆ. ಮನೆಯಲ್ಲೇ ಇದ್ದು ಕಲ್ಯಾಣದ ಕಾಲೇಜಿಗೋ, ಹುಮನಾಬಾದಿನಿಂದ ಬೀದರಿಗೋ ಹೋಗಿಬರುವವನು ಅದೇ ಹಣಕ್ಕೆ ಕಂಪನಿಗಳು ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲಿಟ್‌ಡೆಸ್ಕ್‌ನಂಥ ಡೆಸ್ಕ್‌ಟಾಪ್ ಹುಡುಕಲಿ. ಎಂಟನೇ ಪೀಳಿಗೆಯ ಐ5 ಇರುವಂಥದಕ್ಕೆ ಜಿಟಿಎಕ್ಸ್ 1050 ಟಿಐ ಕಾರ್ಡ್ ಹಾಕಬಹುದು. ಆ ಕಾರ್ಡಿಗೆ ಬೇಕಾದ 75 ವ್ಯಾಟ್ ಸ್ಲಾಟಿನಿಂದಲೇ ಸಿಗುವುದರಿಂದ ಸಾಮಾನ್ಯವಾಗಿ ಬೇರೆ ವಿದ್ಯುತ್ ಕೇಬಲ್ ಬೇಡ. ಸಣ್ಣ ಪೆಟ್ಟಿಗೆಯಾದರೆ ಅರ್ಧ ಎತ್ತರದ ಕಾರ್ಡ್ ಹಿಡಿಸುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು. ಇದೂ ಪ್ಯಾಸ್ಕಲ್ ವಂಶದ್ದೇ, 2028ರ ಗಡುವು ಇದಕ್ಕೂ ಇದೆ. ಆದರೆ ಇಲ್ಲಿ ಕಾರ್ಡ್ ಹಳತಾದರೆ ಅದೊಂದನ್ನೇ ಕಳಚಿ ಬೇರೆಯದು ಹಾಕಬಹುದು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಬೋರ್ಡಿನ ಜೊತೆಗೇ ಎಲ್ಲವೂ ಹೋಗುತ್ತದೆ. ಇಂಥ ಡೆಸ್ಕ್‌ಟಾಪಿನ ಪಕ್ಕದ ಮುಚ್ಚಳ ತೆಗೆಯಲು ಸಾಮಾನ್ಯವಾಗಿ ಸ್ಕ್ರೂಡ್ರೈವರೂ ಬೇಡ, ಹಿಡಿಕೆ ಎಳೆದರೆ ಸಾಕು. ಧೂಳು ಎಲ್ಲಿ ಕೂತಿದೆ ಎಂದು ಹುಡುಗ ತಾನೇ ನೋಡಿ, ಬ್ರಷ್ ಹಿಡಿದು ತಾನೇ ತೆಗೆಯಬಹುದು.